ಚುಕ್ಕೆ ಗುರುತಿನ ಪ್ರಶ್ನೆಗಳು: ತುಮಕೂರಿನಲ್ಲಿ ಕೂತು ಆರು ವರ್ಷ ಬಳಸಿ ನೋಡಿದ ಮೇಲೆ

ಬಿ.ಎಚ್. ರಸ್ತೆಯ ಜೆರಾಕ್ಸ್ ಅಂಗಡಿಯ ಅಣ್ಣನಿಗೆ ನಾನು ಗುರುತಾಗಿದ್ದೇ ಇದರಿಂದ. ಅಧಿವೇಶನ ಶುರುವಾದ ವಾರ ಪೆನ್‌ಡ್ರೈವ್ ಹಿಡಿದು ಮೆಟ್ಟಿಲು ಹತ್ತಿದರೆ ಸಾಕು, "ಅಸೆಂಬ್ಲಿ ಪೇಪರ್ರಾ ಮೇಡಂ, ಎರಡು ಕಡೆ ತೆಗೀಲಾ?" ಅಂತ ಕೇಳುತ್ತಾರೆ. ನಾನು ಒಯ್ಯುವುದು ಶಾಸಕರು ಕೇಳಿದ ಪ್ರಶ್ನೆ, ಸಚಿವರು ಕೊಟ್ಟ ಉತ್ತರ ಇರುವ ಹಾಳೆಗಳನ್ನು. ವಿಧಾನಸಭೆಯದೂ ಇರುತ್ತವೆ, ವಿಧಾನ ಪರಿಷತ್ತಿನದೂ ಇರುತ್ತವೆ. ಎರಡೂ ಸದನದ ವೆಬ್‌ಸೈಟಿನಲ್ಲಿ ಇವನ್ನು ಹಾಕುತ್ತಾರೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಕಾಸು ಕೊಡಬೇಕಾಗಿಲ್ಲ. ನಾನು ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ಪ್ರಶ್ನೋತ್ತರ ಕಲಾಪವನ್ನು ನಾಗರಿಕರಿಗೆ ಸಿಗುವ ಒಂದು ಸೇವೆ ಎಂದೇ ತಿಳಿದಿದ್ದೇನೆ. ಬಳಸಿದ್ದೇನೆ, ಉಪಯೋಗವನ್ನೂ ಕಂಡಿದ್ದೇನೆ, ಎಲ್ಲಿ ಕೈಕೊಡುತ್ತದೆ ಅನ್ನುವುದೂ ಗೊತ್ತಾಗಿದೆ. ಅದನ್ನೇ ಬರೆಯುತ್ತಿದ್ದೇನೆ.

ಮೊದಲು ಗೊತ್ತಿಲ್ಲದವರಿಗಾಗಿ ಎರಡು ಮಾತು. ಪ್ರಶ್ನೆಗಳಲ್ಲಿ ಎರಡು ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಎದ್ದು ನಿಂತು ಉತ್ತರ ಹೇಳಬೇಕು, ಆಮೇಲೆ ಶಾಸಕರು ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಮಾತ್ರ. ವಿಧಾನಸಭೆಯಲ್ಲಿ 224 ಶಾಸಕರು, ಪರಿಷತ್ತಿನಲ್ಲಿ 75. ನಮ್ಮ ಜಿಲ್ಲೆಯಿಂದಲೇ ವಿಧಾನಸಭೆಗೆ 11 ಜನ ಹೋಗುತ್ತಾರೆ. ಮಾತು ಕೇಳಬೇಕು ಅಂದರೆ ಕಲಾಪದ ನೇರ ಪ್ರಸಾರ ಇದೆ, ಅಡುಗೆ ಮಾಡುತ್ತ ಮೊಬೈಲಿನಲ್ಲಿ ಹಾಕಿಟ್ಟುಕೊಳ್ಳಬಹುದು. ನನಗೆ ಮಾತಿಗಿಂತ ಹಾಳೆಯೇ ಇಷ್ಟ. ಯಾಕೆ ಅಂತ ಹೇಳುತ್ತೇನೆ.

ಹಾಳೆಯ ತಲೆಯಲ್ಲಿ ಸದನದ ಹೆಸರು, ಪ್ರಶ್ನೆಯ ಸಂಖ್ಯೆ, ಕೇಳಿದ ಸದಸ್ಯರ ಹೆಸರು, ಉತ್ತರಿಸಬೇಕಾದ ದಿನಾಂಕ, ಉತ್ತರಿಸುವ ಸಚಿವರು. ಕೆಳಗೆ ನಡುವೆ ಗೆರೆ ಎಳೆದು ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. ಪ್ರಶ್ನೆಯನ್ನು ಅ, ಆ, ಇ, ಈ ಅಂತ ಒಡೆದಿರುತ್ತಾರೆ. ಇಂಥ ಇಲಾಖೆಯಲ್ಲಿ ಹುದ್ದೆಗಳು ಖಾಲಿ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಎದುರಿಗೆ ಒಂದೇ ಪದ: "ಬಂದಿದೆ." ಬಂದಿದ್ದಲ್ಲಿ ಖಾಲಿ ಇರುವ ಹುದ್ದೆಗಳೆಷ್ಟು? "ವಿವರವನ್ನು ಅನುಬಂಧದಲ್ಲಿ ನೀಡಲಾಗಿದೆ." ಯಾವ ಕಾಲಮಿತಿಯಲ್ಲಿ ತುಂಬುತ್ತೀರಿ? "ಆರ್ಥಿಕ ಇಲಾಖೆಯ ಸಹಮತಿ ಪಡೆದು ಹಂತ ಹಂತವಾಗಿ ಭರ್ತಿ ಮಾಡಲು ಕ್ರಮ ವಹಿಸಲಾಗುವುದು."

ಈ ಭಾಷೆಯನ್ನು ಓದುವುದನ್ನು ಕಲಿತರೆ ಅರ್ಧ ಆಡಳಿತ ಅರ್ಥವಾದ ಹಾಗೆ. "ಪರಿಶೀಲನೆಯಲ್ಲಿದೆ" ಅಂದರೆ ಕಡತ ಇದೆ, ತೀರ್ಮಾನ ಆಗಿಲ್ಲ. "ಮಾಹಿತಿ ಸಂಗ್ರಹಿಸಲಾಗುತ್ತಿದೆ" ಅಂದರೆ ಜಿಲ್ಲೆಗಳಿಂದ ಲೆಕ್ಕ ಬಂದಿಲ್ಲ. "ಉದ್ಭವಿಸುವುದಿಲ್ಲ" ಅಂದರೆ ಮೊದಲ ಪ್ರಶ್ನೆಗೇ ಇಲ್ಲ ಅಂದಿರುವುದರಿಂದ ಮುಂದಿನದಕ್ಕೆ ಹೋಗಬೇಕಾಗಿಲ್ಲ. "ಅಂತಹ ಪ್ರಸ್ತಾವನೆ ಇರುವುದಿಲ್ಲ" ಅನ್ನುವ ಉತ್ತರವೇ ನನಗೆ ಎಲ್ಲಕ್ಕಿಂತ ಹಿಡಿಸುವುದು. ಕಹಿಯಾದರೂ ನೇರವಾದ ಉತ್ತರ. ಆ ಕೆಲಸವನ್ನೇ ನಂಬಿ ಕೂತ ಹುಡುಗರು ಇನ್ನೊಂದು ಪರೀಕ್ಷೆಗೆ ಓದಿಕೊಳ್ಳಬಹುದು. ಹಂತ ಹಂತವಾಗಿ ಅನ್ನುವ ಮಾತನ್ನು ನಂಬಿ ಮೂವತ್ತೈದು ದಾಟಿದವರು ನನ್ನ ಹಳೆಯ ವಿದ್ಯಾರ್ಥಿಗಳಲ್ಲೇ ಇದ್ದಾರೆ.

ಆದರೆ ಹೂರಣ ಇರುವುದು ಅನುಬಂಧದಲ್ಲಿ. ಮಂಜೂರಾದ ಹುದ್ದೆ, ಭರ್ತಿಯಾದ ಹುದ್ದೆ, ಖಾಲಿ ಹುದ್ದೆ ಅಂತ ಮೂರು ಕಾಲಂ. ಒಮ್ಮೆ ಒಂದು ಇಲಾಖೆಯ ಉತ್ತರ ತೆಗೆಸಲು ಹೋಗಿದ್ದಾಗ ಅಂಗಡಿ ಅಣ್ಣ ಯಂತ್ರದಿಂದ ಹಾಳೆ ತೆಗೆದು ಬೆಳಕಿಗೆ ಹಿಡಿದರು. "ಮೇಡಂ, ಈ ಕಡೆ ಕಾಲಂ ಕಟ್ ಆಗೈತೆ ನೋಡಿ. ಸ್ಕ್ಯಾನ್ ಮಾಡ್ದೋರೇ ಹಾಳೆನ ಓರೆ ಇಟ್ಟವ್ರೆ, ನಮ್ಮ ಮಿಷನ್ದಲ್ಲ." ನೋಡಿದರೆ ನಿಜ. ಬಲಗಡೆಯ "ಖಾಲಿ" ಕಾಲಮ್ಮಿನಲ್ಲಿ ಕೊನೆಯ ಅಂಕಿ ಅಂಚಿನಾಚೆ ಹೋಗಿತ್ತು. ಕೆಲವು ಸಾಲಿನಲ್ಲಿ ಅರ್ಧ ಸೊನ್ನೆ, ಕೆಲವು ಸಾಲಿನಲ್ಲಿ ಬರಿ ಬಿಳಿ. ಮಾರನೆಯ ದಿನ ಅದನ್ನೇ ತರಗತಿಗೆ ಒಯ್ದು, ಮಂಜೂರಾದದ್ದರಲ್ಲಿ ಭರ್ತಿಯಾದದ್ದು ಕಳೆದು ಖಾಲಿ ಕಾಲಂ ತುಂಬಿ ಅಂತ ಮಕ್ಕಳಿಗೆ ಕೊಟ್ಟೆ. ಮೂವತ್ತೊಂದು ಜಿಲ್ಲೆಯ ಲೆಕ್ಕ. ಗುಬ್ಬಿ ಕಡೆಯ ಒಬ್ಬ ಹುಡುಗಿ, ಎಂದೂ ಬಾಯಿ ಬಿಡದವಳು, ಎದ್ದು ನಿಂತಳು. "ಮೇಡಂ, ಕೆಳಗಡೆ ಅವರು ಒಟ್ಟು ಅಂತ ಬರ್ದಿರೋದಕ್ಕೂ ನಾವು ಕೂಡಿರೋದಕ್ಕೂ ತಾಳೆ ಆಗ್ತಿಲ್ಲ." ಇನ್ನಿಬ್ಬರು ಮತ್ತೆ ಕೂಡಿದರು. ಆಗಲಿಲ್ಲ. ಭರ್ತಿ ಅನ್ನುವ ಕಾಲಮ್ಮಿನಲ್ಲಿ ಕೆಲವು ಜಿಲ್ಲೆಯವರು ಹೊರಗುತ್ತಿಗೆ ನೌಕರರನ್ನೂ ಸೇರಿಸಿರಬಹುದು ಅಂತ ಆ ಹುಡುಗಿಯೇ ಊಹಿಸಿದಳು. ಅವಳ ಅಣ್ಣ ಹಾಗೆ ಹೊರಗುತ್ತಿಗೆಯಲ್ಲಿ ದುಡಿಯುತ್ತಾನಂತೆ.

ಶಾಸಕರು ಸರ್ಕಾರವನ್ನು ಹಿಡಿದು ನಿಲ್ಲಿಸುವುದು ಎಲ್ಲಿ ಅಂತ ಯಾರಾದರೂ ಕೇಳಿದರೆ ನಾನು ಆ ಕಾಲಮ್ಮಿನ ಹೆಸರು ಹೇಳುತ್ತೇನೆ. "ಭರ್ತಿ ಅಂದರೆ ಕಾಯಂ ಎಷ್ಟು, ಹೊರಗುತ್ತಿಗೆ ಎಷ್ಟು?" ಎನ್ನುವ ಎರಡನೆಯ ಪ್ರಶ್ನೆ ಕೇಳದೆ ಹೋದರೆ ಮೊದಲ ಉತ್ತರಕ್ಕೆ ಬೆಲೆಯೇ ಇಲ್ಲ.

ಇದಕ್ಕೆ ಪಿಎಸ್‌ಐ, ಅಂದರೆ ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ನೇಮಕಾತಿಗಿಂತ ದೊಡ್ಡ ಪಾಠ ನಮಗೆ ಸಿಗಲಿಕ್ಕಿಲ್ಲ. 545 ಹುದ್ದೆ. 2021ರ ಅಕ್ಟೋಬರ್ 3ರಂದು ಪರೀಕ್ಷೆ, 2022ರ ಜನವರಿಯಲ್ಲಿ ಆಯ್ಕೆ ಪಟ್ಟಿ. ಅಕ್ರಮ ನಡೆದಿದೆ ಎಂಬ ಮಾತು ಸದನಕ್ಕೂ ಬಂತು, ಮಾರ್ಚ್‌ನಲ್ಲಿ ಸರ್ಕಾರದ ಕಡೆಯಿಂದ ಅಂಥದ್ದೇನೂ ಇಲ್ಲ ಎಂಬ ಉತ್ತರ ಬಂತು. ಏಪ್ರಿಲ್‌ನಲ್ಲಿ ಸಿಐಡಿ ತನಿಖೆ ಶುರುವಾಯಿತು, ಆ ತಿಂಗಳು ಮುಗಿಯುವ ಮೊದಲೇ ಪರೀಕ್ಷೆ ರದ್ದಾಯಿತು. ಜುಲೈ ಹೊತ್ತಿಗೆ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹೆಚ್ಚುವರಿ ಪೊಲೀಸ್ ಮಹಾನಿರ್ದೇಶಕರೇ (ಎಡಿಜಿಪಿ) ಬಂಧನಕ್ಕೊಳಗಾದರು. ಮಾರ್ಚ್‌ನ ಉತ್ತರ ದಾಖಲೆಯಲ್ಲಿ ಇಲ್ಲದೆ ಹೋಗಿದ್ದರೆ, ಆಮೇಲೆ ವಿರೋಧ ಪಕ್ಷದವರು ಅದನ್ನು ಎತ್ತಿ ಹಿಡಿದು ಸಚಿವರನ್ನು ಕೇಳಲು ಆಗುತ್ತಿರಲಿಲ್ಲ. ಇಲ್ಲ ಅಂದ ಉತ್ತರವೂ ಒಂದು ಸಾಕ್ಷಿ. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ಕ್ಕೆ. ನಮ್ಮ ಕಾಲೇಜಿನ ಮೈದಾನದಲ್ಲಿ ಬೆಳಿಗ್ಗೆ ಐದಕ್ಕೆ ಓಡುತ್ತಿದ್ದ ಹುಡುಗರು ಎರಡು ವರ್ಷ ಮೂರು ತಿಂಗಳು ಆ ಒಂದೇ ಪರೀಕ್ಷೆಯ ಸುತ್ತ ಬದುಕಿದರು.

ಆ ಹಗರಣದಲ್ಲೇ ಬ್ಲೂಟೂತ್ ಅನ್ನುವ ಪದ ನಮ್ಮ ಹಳ್ಳಿಗಳ ತನಕ ಬಂದದ್ದು. ಕಿವಿಯೊಳಗೆ ಕಾಣದಷ್ಟು ಸಣ್ಣ ಸಾಧನ ಇಟ್ಟುಕೊಂಡು ಹೊರಗಿನಿಂದ ಉತ್ತರ ಕೇಳಿಸಿಕೊಳ್ಳುವುದು. 2023ರ ಅಕ್ಟೋಬರ್‌ನಲ್ಲಿ ಕಲಬುರಗಿ, ಯಾದಗಿರಿ ಕಡೆ ಬೇರೊಂದು ಪರೀಕ್ಷೆಯಲ್ಲಿ ಮತ್ತೆ ಅದೇ. ಆ ವರ್ಷದ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನ ನೇಮಕಾತಿ ಪರೀಕ್ಷೆಗಳ ಅಕ್ರಮ ತಡೆಯುವ ಮಸೂದೆಗೆ ಒಪ್ಪಿಗೆ ಕೊಟ್ಟಿತು, ದಂಡ 10 ಕೋಟಿ ರೂಪಾಯಿವರೆಗೂ ಇದೆ. ಗೃಹ ಖಾತೆ ಆಗ ನಮ್ಮ ಕೊರಟಗೆರೆಯ ಶಾಸಕರಾದ ಡಾ. ಜಿ. ಪರಮೇಶ್ವರ ಅವರ ಬಳಿ ಇತ್ತು. ಪೊಲೀಸ್ ನೇಮಕಾತಿಯ ಉತ್ತರಗಳಿಗೆ ನಮ್ಮ ಜಿಲ್ಲೆಯವರೇ ಎದ್ದು ನಿಲ್ಲುತ್ತಾರೆ ಅಂತ ಮಕ್ಕಳಿಗೆ ಹೇಳಿದಾಗ ಅವರು ಹಾಳೆಯನ್ನು ಓದುವ ಬಗೆಯೇ ಬದಲಾಯಿತು.

ಒಮ್ಮೆ ಹದಿನಾರು ಮಕ್ಕಳನ್ನು ಕರೆದುಕೊಂಡು ಕಲಾಪ ನೋಡಲು ಹೋಗಿದ್ದೆ. ಶಾಸಕರ ಕಚೇರಿಯಿಂದ ಪತ್ರ, ಆಮೇಲೆ ಪಾಸು. ಬೆಳಗಿನ ರೈಲಿನಲ್ಲಿ ಕೆಲಸಕ್ಕೆ ಹೋಗುವವರ ಮಧ್ಯೆ ನಿಂತುಕೊಂಡೇ ಬೆಂಗಳೂರು, ಅಲ್ಲಿಂದ ನೇರಳೆ ಮಾರ್ಗದ ಮೆಟ್ರೋದಲ್ಲಿ ವಿಧಾನಸೌಧ. ಫೋನು, ಬ್ಯಾಗು ಒಳಗೆ ಬಿಡುವುದಿಲ್ಲ. ಒಳಗೆ ಹೋದಾಗ ಪ್ರಶ್ನೋತ್ತರ ನಡೆಯುತ್ತಿತ್ತು. ಟಿವಿಯಲ್ಲಿ ಗಲಾಟೆ ಮಾತ್ರ ಕಾಣುತ್ತದೆ, ಗ್ಯಾಲರಿಯಲ್ಲಿ ಕೂತರೆ ಬೇರೆಯದೇ ಕಾಣುತ್ತದೆ. ಸಚಿವರು ಉತ್ತರ ಓದುತ್ತಿರುವಾಗ ಪಕ್ಕದ ಅಧಿಕಾರಿಗಳ ಗ್ಯಾಲರಿಯಿಂದ ಒಂದು ಚೀಟಿ ಕೆಳಗಿಳಿಯಿತು. ಹಿಂದಿನ ಸಾಲಿನ ಶಾಸಕರೊಬ್ಬರು ಮೇಜಿನ ಮೇಲೆ ಹಾಳೆ ಹರಡಿಕೊಂಡು, ಒಂದು ಸಾಲಿನ ಮೇಲೆ ಬೆರಳಿಟ್ಟುಕೊಂಡೇ ಎದ್ದರು. ಕೇಳಿದ್ದು ಇಷ್ಟೇ: "ಸನ್ಮಾನ್ಯ ಸಭಾಧ್ಯಕ್ಷರೇ, ಅನುಬಂಧದಲ್ಲಿ ಕೊಟ್ಟಿರುವ ಸಂಖ್ಯೆ ಯಾವ ತಾರೀಕಿನದು?" ಸಚಿವರು ಚೀಟಿ ನೋಡಿದರು, ಅಧಿಕಾರಿಗಳ ಕಡೆ ತಿರುಗಿದರು, ಹೊಸ ಲೆಕ್ಕ ತರಿಸಿಕೊಡುತ್ತೇನೆ ಅಂದರು. ಆ ಶಾಸಕರು ಯಾರೆಂದು ನಮಗೆ ಗೊತ್ತಿರಲಿಲ್ಲ, ನಮ್ಮ ಜಿಲ್ಲೆಯವರಂತೂ ಆಗಿರಲಿಲ್ಲ. ವಾಪಸು ಬರುವಾಗ ರೈಲಿನಲ್ಲಿ ಮಕ್ಕಳೆಲ್ಲ ಆ ಬೆರಳಿನ ಮಾತೇ ಆಡಿದರು.

ಸಚಿವರು ಹಾಗೆ ತರಿಸಿಕೊಡುತ್ತೇನೆ ಅಂದದ್ದು ಎಲ್ಲಿ ಹೋಗುತ್ತದೆ ಅನ್ನುವುದು ಬಹಳ ಜನರಿಗೆ ಗೊತ್ತಿಲ್ಲ. ಸರ್ಕಾರಿ ಭರವಸೆಗಳ ಸಮಿತಿ ಅಂತ ಎರಡೂ ಸದನಕ್ಕೆ ಒಂದೊಂದು ಇದೆ. ಸದನದಲ್ಲಿ ಕೊಟ್ಟ ಮಾತನ್ನು ಪಟ್ಟಿ ಮಾಡಿ, ಇಲಾಖೆಯವರನ್ನು ಕರೆಸಿ, ಈಡೇರಿತೋ ಇಲ್ಲವೋ ಕೇಳುವುದು ಅದರ ಕೆಲಸ. ಕ್ಯಾಮೆರಾ ಇಲ್ಲ, ಘೋಷಣೆ ಇಲ್ಲ, ಪತ್ರಿಕೆಯಲ್ಲಿ ಎರಡು ಸಾಲು ಬಂದರೆ ಹೆಚ್ಚು. ಈ ಇಡೀ ವ್ಯವಸ್ಥೆಯಲ್ಲಿ ನಾನು ಅತಿ ಹೆಚ್ಚು ಗೌರವ ಕೊಡುವುದು ಇದಕ್ಕೆ.

ದೊಡ್ಡ ಹುದ್ದೆಗಳ ನೇಮಕದಲ್ಲಿ ಶಾಸಕರಿಗೆ ಕೇಳುವ ಹಕ್ಕಷ್ಟೇ ಇರುವುದು ಅಂತ ನಾನೂ ಮೊದಲು ತಿಳಿದಿದ್ದೆ. ಕೆಲವು ಕಡೆ ಕುರ್ಚಿಯೂ ಇದೆ. ರಾಜ್ಯ ಮಾಹಿತಿ ಆಯುಕ್ತರ ಹೆಸರು ಶಿಫಾರಸು ಮಾಡುವ ಸಮಿತಿಯಲ್ಲಿ ಮೂವರು: ಮುಖ್ಯಮಂತ್ರಿ, ಅವರು ಸೂಚಿಸಿದ ಒಬ್ಬ ಸಂಪುಟ ಸಚಿವರು, ವಿಧಾನಸಭೆಯ ವಿರೋಧ ಪಕ್ಷದ ನಾಯಕರು. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲೇ ಇದು ಇದೆ. ಮೂವರಲ್ಲಿ ಇಬ್ಬರು ಸರ್ಕಾರದವರೇ ಆದ್ದರಿಂದ ವಿರೋಧ ಪಕ್ಷದ ನಾಯಕರು ಬೇಡ ಅಂದರೂ ನೇಮಕ ನಿಲ್ಲುವುದಿಲ್ಲ. ಆದರೆ ಬೇಡ ಅಂದದ್ದನ್ನು ಕಾರಣ ಸಮೇತ ಬರೆದಿಡಬಹುದು, ಆ ಬರಹಕ್ಕೆ ತೂಕ ಇದೆ. ಲೋಕಾಯುಕ್ತರ ನೇಮಕದಲ್ಲೂ ಮುಖ್ಯಮಂತ್ರಿಗಳು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳ ಜೊತೆಗೆ ಎರಡೂ ಸದನದ ಸಭಾಧ್ಯಕ್ಷರು, ಸಭಾಪತಿಗಳನ್ನೂ ವಿರೋಧ ಪಕ್ಷದ ನಾಯಕರನ್ನೂ ಸಮಾಲೋಚಿಸಬೇಕು. ಸರ್ಕಾರಿ ಹುದ್ದೆಗೆ ಪರೀಕ್ಷೆ ನಡೆಸಿ ಆಯ್ಕೆ ಮಾಡುವ ಲೋಕಸೇವಾ ಆಯೋಗದ ವಿಷಯಕ್ಕೆ ಬಂದರೆ ಸಂವಿಧಾನದ 323ನೇ ವಿಧಿ ಇದೆ. ಆಯೋಗ ವರ್ಷ ವರ್ಷವೂ ವರದಿ ಕೊಡಬೇಕು, ಆಯೋಗದ ಸಲಹೆಯನ್ನು ಸರ್ಕಾರ ಎಲ್ಲೆಲ್ಲಿ ಒಪ್ಪಲಿಲ್ಲ, ಯಾಕೆ ಒಪ್ಪಲಿಲ್ಲ ಎಂಬ ವಿವರಣೆಯ ಜೊತೆಗೆ ಅದು ಶಾಸಕರ ಮುಂದೆ ಬರಬೇಕು. ಆ ವರದಿಯ ಮೇಲೆ ಇನ್ನಷ್ಟು ಪ್ರಶ್ನೆ ಬರಬೇಕು ಅನ್ನುವುದು ನನ್ನ ಆಸೆ. ಆಯೋಗ ಆರಿಸಿದ 2011ರ ತಂಡದ 362 ಗೆಜೆಟೆಡ್ ಪ್ರೊಬೇಷನರ್‌ಗಳ ಕತೆ ನೆನಪಿಸಿಕೊಳ್ಳಿ. 2014ರಲ್ಲಿ ಸರ್ಕಾರ ಪಟ್ಟಿ ಹಿಂಪಡೆಯಿತು, ನ್ಯಾಯಮಂಡಳಿ, ಹೈಕೋರ್ಟು ಎಲ್ಲ ಸುತ್ತಿ 2022ರಲ್ಲಿ ಶಾಸನಸಭೆಯೇ ಕಾಯ್ದೆ ಮಾಡಿ ಆಯ್ಕೆಯನ್ನು ಸಿಂಧುಗೊಳಿಸಿತು. ಆ ಹೊತ್ತಿಗೆ ಹನ್ನೊಂದು ವರ್ಷ ಕಳೆದಿತ್ತು. ಆಮೇಲೆ 384 ಕೆಎಎಸ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಅನುವಾದ ಕೆಟ್ಟು, 2024ರ ಆಗಸ್ಟ್ 27ರ ಪರೀಕ್ಷೆಯನ್ನು ಡಿಸೆಂಬರ್ 29ಕ್ಕೆ ಮತ್ತೆ ನಡೆಸಿದರು, ಆಗಲೂ ಅನುವಾದದ ದೂರು ಬಂತು, 2025ರ ಮಾರ್ಚ್‌ನಲ್ಲಿ ಸದನದಲ್ಲಿ ಜೋರಾಗಿ ಕೇಳಿದರು. ಕನ್ನಡ ಮಾಧ್ಯಮದಲ್ಲಿ ಪಾಠ ಮಾಡುವವಳಾಗಿ ಹೇಳುತ್ತೇನೆ, ಕನ್ನಡದಲ್ಲಿ ಓದಿದ ಮಗುವಿಗೆ ಪ್ರಶ್ನೆಯೇ ಅರ್ಥವಾಗದ ಹಾಗೆ ಬರೆದು ಪರೀಕ್ಷೆ ಮಾಡುವುದು ದೊಡ್ಡ ಅನ್ಯಾಯ. ಅದನ್ನು ಸದನಕ್ಕೆ ತಂದವರು ಯಾವ ಪಕ್ಷದವರಾದರೂ ಸರಿ, ಅವರಿಗೆ ನನ್ನ ನಮಸ್ಕಾರ.

ಹೊಸ ತಂತ್ರಜ್ಞಾನದ ವಿಷಯದಲ್ಲಿ ಶಾಸಕರ ಕೆಲಸ ಇನ್ನೂ ಎಳಸು. ಸ್ಮಾರ್ಟ್ ಮೀಟರ್ ತೆಗೆದುಕೊಳ್ಳಿ. 2025ರ ಫೆಬ್ರವರಿಯಿಂದ ನಮ್ಮ ಭಾಗದಲ್ಲಿ ಹೊಸ ಸಂಪರ್ಕಕ್ಕೆ ಅದೇ ಬೇಕು ಅಂತಾಯಿತು. ಸಿಂಗಲ್ ಫೇಸಿಗೆ ಆಗ ಐದು ಸಾವಿರದ ಹತ್ತಿರ. ನಮ್ಮ ಮನೆಯ ಮೇಲಂತಸ್ತಿಗೆ ಸಂಪರ್ಕ ಕೇಳುವ ಹೊತ್ತಿಗೆ ಸರಿಯಾಗಿ ಮಾರ್ಚ್‌ನಲ್ಲಿ ವಿಧಾನಸಭೆಯಲ್ಲಿ ಇದೇ ಚರ್ಚೆ. ಬೇರೆ ರಾಜ್ಯಗಳಿಗಿಂತ ದುಬಾರಿ, ಟೆಂಡರ್ ಸರಿಯಿಲ್ಲ ಅಂತ ವಿರೋಧ ಪಕ್ಷದ ಶಾಸಕ ಡಾ. ಸಿ.ಎನ್. ಅಶ್ವತ್ಥ ನಾರಾಯಣ ಎತ್ತಿದರು, ಎಲ್ಲವೂ ನಿಯಮದ ಪ್ರಕಾರವೇ ಆಗಿದೆ ಅಂತ ಇಂಧನ ಸಚಿವ ಕೆ.ಜೆ. ಜಾರ್ಜ್ ಹೇಳಿದರು. ಬೆಲೆಯ ಮಾತು ಚೆನ್ನಾಗಿಯೇ ನಡೆಯಿತು. ನನ್ನ ಮನಸ್ಸಿನಲ್ಲಿ ಇದ್ದ ಪ್ರಶ್ನೆ ಬೇರೆ. ಈ ಮೀಟರ್ ನಮ್ಮ ಮನೆಯಲ್ಲಿ ಎಷ್ಟು ಹೊತ್ತಿಗೆ ಎಷ್ಟು ಕರೆಂಟ್ ಉರಿಯಿತು ಅಂತ ಕಳಿಸುತ್ತಾ ಇರುತ್ತದೆ. ಮನೆಯಲ್ಲಿ ಜನ ಇದ್ದಾರೋ ಇಲ್ಲವೋ ಅದರಿಂದಲೇ ತಿಳಿಯಬಹುದು. ಆ ಲೆಕ್ಕ ಎಷ್ಟು ವರ್ಷ ಇಟ್ಟುಕೊಳ್ಳುತ್ತಾರೆ, ಯಾರು ನೋಡಬಹುದು? ನಾನು ಕೇಳಿಸಿಕೊಂಡಷ್ಟು ಹೊತ್ತು ಚರ್ಚೆ ರೂಪಾಯಿಯ ಸುತ್ತಲೇ ಇತ್ತು. 2019ರಲ್ಲಿ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ (ಟೆಂಡರ್ ಕರೆಯುವ) ಪೋರ್ಟಲ್ಲಿಗೇ ಕಳ್ಳರು ಕನ್ನ ಹಾಕಿ ಕೋಟಿಗಟ್ಟಲೆ ದುಡ್ಡು ಹೊಡೆದ ರಾಜ್ಯ ನಮ್ಮದು, ಈ ಪ್ರಶ್ನೆಯನ್ನು ಹಗುರ ಮಾಡಬಾರದು.

ಸದನ ತನ್ನ ಮೇಲೂ ಒಂದು ಯಂತ್ರ ಇಟ್ಟುಕೊಂಡಿದೆ. 2024ರ ಜುಲೈನಲ್ಲಿ ಸಭಾಧ್ಯಕ್ಷ ಯು.ಟಿ. ಖಾದರ್ ಅವರು ಎಐ ಕ್ಯಾಮೆರಾ ಹಾಕಿಸಿದರು. ಯಾವ ಶಾಸಕರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತು ಕೂತರು ಅನ್ನುವುದನ್ನು ಅದು ಬರೆದಿಡುತ್ತದೆ. ಬಹಳ ಒಳ್ಳೆಯದು. ಅತಿಥಿ ಉಪನ್ಯಾಸಕರಿಗೆ ವಾರಕ್ಕೆ ಇಷ್ಟು ಗಂಟೆ ಅಂತ ಲೆಕ್ಕ ಇದೆ, ಒಂದು ಗಂಟೆ ತಪ್ಪಿದರೂ ಗೌರವಧನದಲ್ಲಿ ಗೊತ್ತಾಗುತ್ತದೆ. ಆ ಹಾಜರಾತಿ ಪುಸ್ತಕವೂ ಪ್ರತಿ ಅಧಿವೇಶನದ ಕೊನೆಗೆ ಉತ್ತರಗಳ ಪಕ್ಕದಲ್ಲೇ ಸಿಗುವಂತಾದರೆ ನಾನು ಮೊದಲ ದಿನವೇ ತೆಗೆಸಿಕೊಳ್ಳುತ್ತೇನೆ.

ಅತಿಥಿ ಉಪನ್ಯಾಸಕರ ಮಾತು ಬಂದದ್ದರಿಂದ ಒಂದು ಸಂಗತಿ ಹೇಳಲೇಬೇಕು. 2021ರ ಡಿಸೆಂಬರ್‌ನಲ್ಲಿ, ಬೆಳಗಾವಿ ಅಧಿವೇಶನದ ಹೊತ್ತಿಗೆ, ನಾವು ತರಗತಿ ಬಿಟ್ಟು ಧರಣಿ ಕೂತಿದ್ದೆವು. ಜನವರಿಯಲ್ಲಿ ಗೌರವಧನ 13,000ದಿಂದ ಅರ್ಹತೆ ಮತ್ತು ಸೇವೆ ನೋಡಿ 32,000ದವರೆಗೆ ಏರಿತು. ಅದರ ಜೊತೆಗೆ ಒಬ್ಬೊಬ್ಬರಿಗೂ ಗಂಟೆ ಹೆಚ್ಚಿತು, ಗಂಟೆ ಹೆಚ್ಚಿದ್ದರಿಂದ ಬೇಕಾದ ಜನ ಕಡಿಮೆಯಾದರು, ನಮ್ಮ ಜೊತೆ ಧರಣಿ ಕೂತಿದ್ದ ಕೆಲವರೇ ಮುಂದಿನ ಪಟ್ಟಿಯಲ್ಲಿ ಇರಲಿಲ್ಲ. ಎಷ್ಟು ಏರಿಸಿದಿರಿ ಎಂಬ ಪ್ರಶ್ನೆಯ ಹಿಂದೆಯೇ ಎಷ್ಟು ಜನ ಹೊರಗೆ ಹೋದರು ಎಂಬುದನ್ನು ಸೇರಿಸಿ ಕೇಳಬೇಕು ಅಂತ ನನಗೆ ಹೊಳೆದದ್ದು ಆಗ.

ಅಂಕ ಕೊಡುವುದಾದರೆ ಲಿಖಿತ ಉತ್ತರಕ್ಕೆ ಐದರಲ್ಲಿ ನಾಲ್ಕು. ಓರೆ ಸ್ಕ್ಯಾನ್ ಕಳಿಸುವ ಇಲಾಖೆಗಳು ಸುಧಾರಿಸಿದರೆ ಐದೂ ಕೊಡುತ್ತೇನೆ. ಉಪಪ್ರಶ್ನೆ ನಡೆದ ದಿನ ಐದು, ಶಾಸಕರು ಪೀಠದ ಮುಂದಿನ ಬಾವಿಗಿಳಿದು ಗಲಾಟೆಯಾಗಿ ಕಲಾಪ ಮುಂದೂಡಿದ ದಿನ ಸೊನ್ನೆ, ಆ ದಿನ ಪಟ್ಟಿಯಲ್ಲಿದ್ದ ಪ್ರಶ್ನೆಗಳಿಗೆ ಹಾಳೆಯ ಉತ್ತರವಷ್ಟೇ ಉಳಿಯುತ್ತದೆ. ತಂತ್ರಜ್ಞಾನದ ಪ್ರಶ್ನೆಗಳಿಗೆ ಎರಡೂವರೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು, ಪಂಚಾಯಿತಿ ಸದಸ್ಯರು, ಊರಿನ ಶಾಲೆಗೆ ಮೇಷ್ಟ್ರು ಯಾಕೆ ಬಂದಿಲ್ಲ ಅಂತ ಅಲೆಯುವವರು ಇದನ್ನು ಖಂಡಿತ ಬಳಸಬೇಕು. ಬರೀ ಓದಿದರೂ ಸಾಲದು, ನಿಮ್ಮ ಶಾಸಕರ ಆಪ್ತ ಸಹಾಯಕರ ಕೈಗೆ ಮುಂದಿನ ಪ್ರಶ್ನೆ ಬರೆದು ಕೊಡಿ. ಅಧಿವೇಶನಕ್ಕೆ ಮೂರು ನಾಲ್ಕು ವಾರ ಮೊದಲೇ ಕೊಡಬೇಕು, ಅಧಿವೇಶನ ನಡೆಯುತ್ತಿರುವಾಗ ಕೊಟ್ಟರೆ ಪ್ರಯೋಜನವಿಲ್ಲ.

ನಾವೂ ಈ ಸಲ ಒಂದು ಕೊಟ್ಟಿದ್ದೇವೆ. ಪಾವಗಡದ ಒಬ್ಬ ವಿದ್ಯಾರ್ಥಿ ಬರೆದದ್ದು. ಅವರ ಊರಿನ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆ, ರೈತರು ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆಗೆ ಜಮೀನು ಬಿಟ್ಟಿದ್ದಾರೆ, ಅವನ ಅಪ್ಪನೂ ಅದರಲ್ಲಿ ಒಬ್ಬರು. ಅ: ಜಮೀನು ಬಿಟ್ಟ ಕುಟುಂಬಗಳಲ್ಲಿ ಎಷ್ಟು ಜನಕ್ಕೆ ಅಲ್ಲಿ ಕೆಲಸ ಸಿಕ್ಕಿದೆ? ಆ: ಅದರಲ್ಲಿ ಕಾಯಂ ಎಷ್ಟು, ಹೊರಗುತ್ತಿಗೆ ಎಷ್ಟು? ಇ: ಪ್ಯಾನೆಲ್ ತೊಳೆಯಲು ಯಂತ್ರ ಬಂದರೆ ಆ ಕೆಲಸದವರಿಗೆ ಏನು ವ್ಯವಸ್ಥೆ? ಮೊದಲು ಎರಡೇ ಬರೆದಿದ್ದ, ಮೂರನೆಯದನ್ನು ಸೇರಿಸಿದವಳು ಗುಬ್ಬಿಯ ಆ ಹುಡುಗಿ. ಕೊನೆಗೆ ಅವಳೇ ಇನ್ನೊಂದು ಸಾಲು ಬರೆಸಿದಳು: "ಮಾಹಿತಿ ಯಾವ ದಿನಾಂಕದಲ್ಲಿದ್ದಂತೆ ಎಂದು ನಮೂದಿಸುವುದು."

ಪ್ರಶ್ನೆ ಪಟ್ಟಿಗೆ ಬಂದಿದೆಯೋ ಇಲ್ಲವೋ ಇನ್ನೂ ತಿಳಿದಿಲ್ಲ. ಜೆರಾಕ್ಸ್ ಅಂಗಡಿಯ ಅಣ್ಣನಿಗೆ ಮಾತ್ರ ಹೇಳಿಟ್ಟಿದ್ದೇನೆ, ಉತ್ತರ ಬಂದ ದಿನ ಹದಿನೇಳು ಪ್ರತಿ ಬೇಕು, ಬಲಗಡೆ ಅಂಚು ಬಿಟ್ಟುಹೋಗದ ಹಾಗೆ ತೆಗೀಬೇಕು ಅಂತ.